ಗುಡಿಯೊಳಗಿನ ದೇವಿ ಯಾವ ರೂಪದವಳು? ಶಿರಸಿಯಿಂದ ಗೋಕರ್ಣದವರೆಗೆ ನೋಡಿ ತಿಳಿಯುವ ಕ್ರಮ

ಶಿರಸಿಯ ಮಾರಿಜಾತ್ರೆಗೆಂದು ಪರ ಊರಿನಿಂದ ಬರುವ ನೆಂಟರು ಬಿಡಕಿಬೈಲಿನ ಗದ್ದಿಗೆಯ ಎದುರು ಸರತಿಯಲ್ಲಿ ನಿಂತಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇವಳು ದುರ್ಗೆಯೋ, ಕಾಳಿಯೋ, ಪಾರ್ವತಿಯೋ? ‘ಎಲ್ಲವೂ ಒಂದೇ’ ಎಂದು ಹೇಳಿ ಮುಗಿಸುವುದು ನಮ್ಮ ರೂಢಿ. ಆ ಉತ್ತರ ಸುಳ್ಳಲ್ಲ. ದೇವಿಯು ರಕ್ಕಸರನ್ನು ಕೊಂದ ಕಥೆಗಳನ್ನು ಹೇಳುವ, ಸಪ್ತಶತಿ ಎಂದೂ ಕರೆಯುವ ದೇವೀಮಾಹಾತ್ಮ್ಯದ ಹತ್ತನೆಯ ಅಧ್ಯಾಯದಲ್ಲಿ, ಬೇರೆಯವರ ಬಲವನ್ನು ನಂಬಿ ಹೋರಾಡುತ್ತಿದ್ದೀಯೆ ಎಂದು ರಕ್ಕಸ ಶುಂಭನು ಹಂಗಿಸಿದಾಗ, ಈ ಜಗತ್ತಿನಲ್ಲಿರುವವಳು ನಾನೊಬ್ಬಳೇ, ಎರಡನೆಯವಳು ಯಾರಿದ್ದಾಳೆ ಎಂದು ಕೇಳಿ ದೇವಿಯು ಉಳಿದ ಶಕ್ತಿಗಳನ್ನೆಲ್ಲ ತನ್ನೊಳಗೆ ಸೇರಿಸಿಕೊಳ್ಳುತ್ತಾಳೆ. ಆದರೆ ಒಬ್ಬಳೇ ಆದವಳು ತಾಳಿದ ಒಂದೊಂದು ರೂಪಕ್ಕೂ ಅದರದೇ ಕಥೆ, ಅದರದೇ ಲಕ್ಷಣ, ಅದರದೇ ಪೂಜಾಕ್ರಮ ಇರುವುದರಿಂದ, ‘ಒಂದೇ’ ಎಂಬ ಮಾತು ನೋಡಿ ಮುಗಿಸಿದ ಮೇಲೆ ಹೇಳತಕ್ಕದ್ದೇ ಹೊರತು ನೋಡುವ ಮೊದಲೇ ಹೇಳತಕ್ಕದ್ದಲ್ಲ. ಉತ್ತರ ಕನ್ನಡದ ಘಟ್ಟದ ಮೇಲಿನ ಮತ್ತು ಕೆಳಗಿನ ಗುಡಿಗಳಿಗೆ ಹೋಗುವವರು ದೇವಿಯ ರೂಪವನ್ನು ತಾವೇ ಗುರುತಿಸಲು ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಎರಡು ಹೆಸರುಗಳನ್ನು ಕೇಳಿ ತಿಳಿಯಿರಿ

ಪ್ರತಿ ದೇವಿಗೂ ಊರವರು ಕರೆಯುವ ಹೆಸರೊಂದು, ಪೂಜೆಯ ಸಂಕಲ್ಪದಲ್ಲಿ ಬರುವ ಹೆಸರೊಂದು ಇರುತ್ತದೆ. ಶಿರಸಿಯವರಿಗೆ ಅವಳು ದೊಡ್ಡಮ್ಮ, ಅವಳ ಮನೆ ಮಾರಿಗುಡಿ. ಬರವಣಿಗೆಯಲ್ಲಿ ಅವಳು ಶ್ರೀ ಮಾರಿಕಾಂಬಾ. ಹೊನ್ನಾವರ ತಾಲೂಕಿನ ಗುಡ್ಡದ ಮೇಲಿರುವವಳು ಜನರ ಬಾಯಲ್ಲಿ ಕರಿಕಾನಮ್ಮ, ಅಂದರೆ ಕಪ್ಪಗೆ ದಟ್ಟವಾದ ಕಾನಿನ ಅಮ್ಮ. ಸಂಕಲ್ಪದಲ್ಲಿ ಅವಳು ಪರಮೇಶ್ವರಿ. ಮೊದಲನೆಯ ಹೆಸರು ಅವಳು ಎಲ್ಲಿಯವಳು ಎಂಬುದನ್ನು ಹೇಳುತ್ತದೆ, ಎರಡನೆಯದು ಅವಳನ್ನು ಪುರಾಣದ ಯಾವ ರೂಪದೊಂದಿಗೆ ಸೇರಿಸಿ ಪೂಜಿಸುತ್ತಾರೆ ಎಂಬುದನ್ನು ಹೇಳುತ್ತದೆ. ಎರಡನ್ನೂ ಕೇಳಿಕೊಳ್ಳದೆ ಮುಂದಿನ ಹೆಜ್ಜೆ ಇಡಬಾರದು.

ಕೇಳುವ ಬಗೆಯೂ ಮುಖ್ಯವಾದುದು. ‘ಭಟ್ಟರೇ, ಇದು ಯಾವ ದೇವರು?’ ಎಂದರೆ ಫಲಕದ ಮೇಲಿರುವ ಹೆಸರನ್ನೇ ಹೇಳುತ್ತಾರೆ. ‘ಭಟ್ಟರೇ, ಸಂಕಲ್ಪದಲ್ಲಿ ಅಮ್ಮನವರ ಹೆಸರು ಏನೆಂದು ಹೇಳುತ್ತೀರಿ? ಧ್ಯಾನಶ್ಲೋಕ ಯಾವುದು?’ ಎಂದು ಕೇಳಿದರೆ ನಿಂತು ವಿವರಿಸುತ್ತಾರೆ. ಧ್ಯಾನಶ್ಲೋಕದಲ್ಲಿ ದೇವಿಯ ಬಣ್ಣ, ಕೈಗಳ ಸಂಖ್ಯೆ, ಆಯುಧ, ಆಸನ ಎಲ್ಲವನ್ನೂ ಹೇಳಿರುವುದರಿಂದ ಅದು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಪೂಜೆ ಮಾಡುವವರು ಎಲ್ಲ ಕಡೆಯೂ ಭಟ್ಟರೇ ಆಗಿರುವುದಿಲ್ಲ ಎಂಬುದನ್ನು ಮರೆಯಬಾರದು. ಅಂಕೋಲೆ, ಕುಮಟೆಗಳ ಕಡೆ ಗ್ರಾಮದೇವತೆಗಳ ಪೂಜೆ ಗುನಗ ಸಮುದಾಯದವರದ್ದು, ಮತ್ತೆ ಕೆಲವು ಕಡೆ ಬೇರೆ ಮನೆತನದ ಪೂಜಾರಿಗಳದ್ದು. ಅಲ್ಲಿ ಧ್ಯಾನಶ್ಲೋಕ ಕೇಳುವುದಕ್ಕಿಂತ ಅಮ್ಮ ಎಲ್ಲಿಂದ ಬಂದಳು, ಅವಳಿಗೆ ಯಾವ ದಿನ ಹಬ್ಬ ಎಂದು ಕೇಳುವುದು ಮರ್ಯಾದೆಯೂ ಹೌದು, ಫಲಕಾರಿಯೂ ಹೌದು.

ಎರಡನೆಯ ಹೆಜ್ಜೆ: ಅಲಂಕಾರವಿಲ್ಲದ ಹೊತ್ತಿಗೆ ಹೋಗಿ

ಜಾತ್ರೆಯಲ್ಲಿ, ನವರಾತ್ರಿಯಲ್ಲಿ ದೇವಿಯ ಮುಖವೊಂದನ್ನು ಬಿಟ್ಟು ಉಳಿದುದೆಲ್ಲ ಸೀರೆ, ಹೂವು, ಬೆಳ್ಳಿಯ ಕವಚಗಳಲ್ಲಿ ಮುಚ್ಚಿರುತ್ತದೆ. ನವರಾತ್ರಿಯ ಅಲಂಕಾರದಲ್ಲಿ ಒಂದೇ ವಿಗ್ರಹಕ್ಕೆ ಒಂದು ದಿನ ವೀಣೆ, ಮರುದಿನ ತ್ರಿಶೂಲ ಹಿಡಿಸುವುದೂ ಉಂಟು. ಅದನ್ನು ನೋಡಿ ರೂಪ ನಿರ್ಧರಿಸಿದರೆ ತಪ್ಪುತ್ತೇವೆ. ಕಲ್ಲಿನ ವಿಗ್ರಹವಾದರೆ ಬೆಳಗಿನ ಅಭಿಷೇಕದ ಹೊತ್ತಿಗೆ ಹೋಗಿ, ಆಗ ಕೈಕಾಲುಗಳು ಸ್ಪಷ್ಟವಾಗಿ ಕಾಣಿಸುತ್ತವೆ. ಬಣ್ಣ ಬಳಿದ ಮರದ ವಿಗ್ರಹಕ್ಕೆ ನೀರಿನ ಅಭಿಷೇಕ ಮಾಡುವಂತಿಲ್ಲ, ಆದ್ದರಿಂದ ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಫೋಟೊ ತೆಗೆಯುವ ಮೊದಲು ಕೇಳಬೇಕು. ಗರ್ಭಗುಡಿಯ ಫೋಟೊಕ್ಕೆ ಒಪ್ಪದಿದ್ದರೆ ನೋಡಿದ್ದನ್ನು ಹೊರಗೆ ಬಂದು ಚೀಟಿಯಲ್ಲಿ ಗೀಚಿಕೊಂಡರೆ ಸಾಕು.

ಮೂರನೆಯ ಹೆಜ್ಜೆ: ಕಣ್ಣು ಪಾದದಿಂದ ಮೇಲಕ್ಕೆ ಹೋಗಲಿ

ನಾವು ಸಹಜವಾಗಿ ಮುಖವನ್ನೇ ಮೊದಲು ನೋಡುತ್ತೇವೆ. ರೂಪ ಗುರುತಿಸುವುದಕ್ಕೆ ಮುಖದಿಂದ ಸಿಗುವ ಸಹಾಯ ಕಡಿಮೆ. ಪಾದದ ಕೆಳಗೆ ಏನಿದೆ ಎಂಬುದನ್ನು ಮೊದಲು ನೋಡಿರಿ. ಕೋಣ ಅಥವಾ ಕೋಣದ ಕೊರಳಿನಿಂದ ಅರ್ಧ ಹೊರಬಂದ ರಕ್ಕಸನಿದ್ದರೆ ಅವಳು ಮಹಿಷಮರ್ದಿನಿ. ಬಿದ್ದ ಹೆಣ ಅಥವಾ ಮಲಗಿದ ಶಿವನಿದ್ದರೆ ಕಾಳಿ ಇಲ್ಲವೆ ಚಾಮುಂಡೆ. ತಾವರೆಯಿದ್ದರೆ ಲಕ್ಷ್ಮಿ, ಸರಸ್ವತಿ, ಲಲಿತೆ ಮೊದಲಾದ ಯಾವ ಸೌಮ್ಯರೂಪವೂ ಆಗಿರಬಹುದು, ಆದ್ದರಿಂದ ತಾವರೆಯೊಂದರಿಂದಲೇ ತೀರ್ಮಾನಕ್ಕೆ ಬರಬಾರದು. ಪೀಠದಲ್ಲಿ ಸಿಂಹವಿದ್ದರೆ ದುರ್ಗೆಯ ಕಡೆಗೆ ವಾಲಬಹುದು. ಹಂಸ, ನವಿಲು, ಗರುಡ, ಆನೆಗಳಿದ್ದರೆ ಮಾತೃಕೆಯರ ಗುಂಪು ನೆನಪಾಗಬೇಕು, ಅವರ ವಿಚಾರ ಮುಂದೆ ಬರುತ್ತದೆ.

ಕೋಣ ಮತ್ತು ದೇವಿಯ ಸಂಬಂಧ ನಮ್ಮ ಕಡೆ ಶಿಲ್ಪಕ್ಕಷ್ಟೇ ಸೀಮಿತವಾಗಿರಲಿಲ್ಲ. ಶಿರಸಿಯ ಮಾರಿಕಾಂಬೆಯು ಸುಮಾರು ಏಳು ಅಡಿ ಎತ್ತರದ, ರಕ್ಕಸನನ್ನು ಕೊಲ್ಲುತ್ತಿರುವ, ಹಲವು ಕೈಗಳ ಮರದ ಮೂರ್ತಿ. 1688ರಲ್ಲಿ ಪ್ರತಿಷ್ಠೆಗೊಂಡ ಈ ಗುಡಿಯಲ್ಲಿ ಬಹುಕಾಲ ಕೋಣಬಲಿ ನಡೆಯುತ್ತಿತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲಕ್ಕೆ ಅದು ನಿಂತಿತು. ಬಲಿ ನಿಂತಮೇಲೂ ಮೂರ್ತಿಯ ಕಾಲಡಿಯ ರಕ್ಕಸ ಅಲ್ಲೇ ಇದ್ದಾನೆ. ಸೇವೆಯ ಕ್ರಮ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಲಕ್ಷಣ ಬದಲಾಗುವುದಿಲ್ಲ. ರೂಪ ಗುರುತಿಸಲು ನಾವು ಲಕ್ಷಣವನ್ನೇ ನೆಚ್ಚುವುದು ಇದಕ್ಕಾಗಿ.

ನಾಲ್ಕನೆಯ ಹೆಜ್ಜೆ: ಕೈಗಳನ್ನು ಎಣಿಸಿ, ಹಿಡಿದುದನ್ನು ಓದಿ

ಇದು ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಹೆಜ್ಜೆ. ಮೊದಲು ಎಷ್ಟು ಕೈಗಳಿವೆ ಎಂದು ಎಣಿಸಿರಿ. ಎರಡೇ ಕೈಗಳಿದ್ದರೆ ಅವಳು ಸಾಮಾನ್ಯವಾಗಿ ಯಾರದೋ ಪಕ್ಕದಲ್ಲಿ ನಿಂತವಳು, ಶಿವನ ಪಕ್ಕದ ಗೌರಿ ಅಥವಾ ವಿಷ್ಣುವಿನ ಪಕ್ಕದ ಶ್ರೀದೇವಿ ಇದ್ದಂತೆ. ನಾಲ್ಕು ಕೈಗಳಿದ್ದರೆ ಸ್ವತಂತ್ರವಾಗಿ ಪೂಜೆಗೊಳ್ಳುವ ಸೌಮ್ಯರೂಪವಾಗಿರುವ ಸಂಭವ ಹೆಚ್ಚು. ಎಂಟು, ಹತ್ತು, ಹದಿನೆಂಟು ಕೈಗಳಿದ್ದರೆ ಅವಳು ಯುದ್ಧಕ್ಕೆ ನಿಂತವಳು. ಇದಕ್ಕೆ ಅಪವಾದಗಳಿವೆ, ಆದರೂ ನೂರರಲ್ಲಿ ಬಹುಪಾಲು ಸಂದರ್ಭದಲ್ಲಿ ಈ ಲೆಕ್ಕ ಕೈಕೊಡುವುದಿಲ್ಲ ಎಂಬುದು ನನ್ನ ಅನುಭವ.

ನಾಲ್ಕು ಕೈಗಳ ದೇವಿಯರಲ್ಲಿ ಮೇಲಿನ ಎರಡು ಕೈಗಳನ್ನು ಮೊದಲು ನೋಡಬೇಕು. ಎರಡರಲ್ಲೂ ತಾವರೆಯಿದ್ದು ಕೆಳಗಿನ ಕೈಗಳು ಅಭಯ, ವರದ ಮುದ್ರೆಯಲ್ಲಿದ್ದರೆ ಲಕ್ಷ್ಮಿ. ಅವಳ ಎರಡೂ ಬದಿಗೆ ಆನೆಗಳು ನೀರೆರೆಯುತ್ತಿದ್ದರೆ ಗಜಲಕ್ಷ್ಮಿ. ಹಳೆಯ ಗುಡಿಗಳಲ್ಲಿ ಗಜಲಕ್ಷ್ಮಿ ಬಾಗಿಲಿನ ಮೇಲಿನ ಪಟ್ಟಿಯಲ್ಲಿಯೂ ಇರುತ್ತಾಳಾದ್ದರಿಂದ, ಅಲ್ಲಿ ಅವಳನ್ನು ನೋಡಿ ಒಳಗಿರುವುದು ಲಕ್ಷ್ಮಿಯೇ ಎಂದು ಭಾವಿಸಬಾರದು. ಮೇಲಿನ ಕೈಗಳಲ್ಲಿ ಶಂಖಚಕ್ರಗಳಿದ್ದರೆ ಅನೇಕರು ‘ವಿಷ್ಣುವಿನ ಹೆಂಡತಿ’ ಎಂದುಬಿಡುತ್ತಾರೆ. ವಾಸ್ತವದಲ್ಲಿ ನಮ್ಮ ನಾಡಿನ ಎಷ್ಟೋ ದುರ್ಗೆಯರು ಶಂಖಚಕ್ರಧಾರಿಣಿಯರು. ಕೊಲ್ಲೂರಿನ ಮೂಕಾಂಬಿಕೆಯ ಪಂಚಲೋಹದ ಮೂರ್ತಿಯ ಕೈಯಲ್ಲಿಯೂ ಶಂಖಚಕ್ರಗಳೇ ಇವೆ. ನಂದಗೋಪನ ಮನೆಯಲ್ಲಿ ಹುಟ್ಟಿ ಕಂಸನ ಕೈಯಿಂದ ಜಾರಿ ಆಕಾಶಕ್ಕೇರಿದ ಯೋಗಮಾಯೆಯ ಕಥೆಯಿಂದಾಗಿ ದುರ್ಗೆ ವಿಷ್ಣುವಿನ ತಂಗಿ. ಹೀಗಾಗಿ ಶಂಖಚಕ್ರ ಕಂಡಾಗ ಮತ್ತೊಮ್ಮೆ ಪಾದದ ಕಡೆಗೆ ನೋಡಿ, ಕೋಣದ ತಲೆಯಿದೆಯೇ ಎಂದು ಪರೀಕ್ಷಿಸಬೇಕು.

ಪಾಶ ಮತ್ತು ಅಂಕುಶಗಳು ಮೇಲಿನ ಕೈಗಳಲ್ಲಿದ್ದರೆ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಲಲಿತಾ ತ್ರಿಪುರಸುಂದರಿಯೂ ಭುವನೇಶ್ವರಿಯೂ ಅವನ್ನೇ ಹಿಡಿಯುತ್ತಾರೆ. ಕೆಳಗಿನ ಕೈಗಳಲ್ಲಿ ಕಬ್ಬಿನ ಬಿಲ್ಲು ಮತ್ತು ಹೂವಿನ ಬಾಣಗಳಿದ್ದರೆ ಲಲಿತೆ, ಅಭಯ ಮತ್ತು ವರದ ಮುದ್ರೆಗಳಿದ್ದರೆ ಭುವನೇಶ್ವರಿ. ಸಿದ್ದಾಪುರ ತಾಲೂಕಿನ ಭುವನಗಿರಿಯ ಮೆಟ್ಟಿಲು ಹತ್ತುವವರು ಈ ಭೇದವನ್ನು ನೆನಪಿಟ್ಟುಕೊಂಡು ಹೋಗಬೇಕು. ಕನ್ನಡಿಗರು ನಾಡದೇವಿಯೆಂದು ಕೈಮುಗಿಯುವ ಭುವನೇಶ್ವರಿ, ದೇವಿಯನ್ನೇ ಪರದೈವವೆಂದು ಉಪಾಸಿಸುವ ಶಾಕ್ತರ ಲೆಕ್ಕದಲ್ಲಿ ಹತ್ತು ಮಹಾವಿದ್ಯೆಗಳಲ್ಲಿ ಒಬ್ಬಳು. ರಾಜ್ಯೋತ್ಸವದ ಮೆರವಣಿಗೆಯ ಚಿತ್ರಗಳಲ್ಲಿ ಅವಳ ಕೈಗೆ ಧ್ವಜ ಬಂದಾಗ ಪಾಶಾಂಕುಶಗಳು ಎಲ್ಲಿ ಹೋದವು ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ.

ವೀಣೆ, ಪುಸ್ತಕ, ಜಪಮಾಲೆಗಳು ಸರಸ್ವತಿಯವು. ಸಟ್ಟುಗ ಮತ್ತು ಅನ್ನದ ಪಾತ್ರೆ ಅನ್ನಪೂರ್ಣೆಯವು. ಇವುಗಳಲ್ಲಿ ತಪ್ಪಾಗುವುದು ವಿರಳ.

ಹಲವು ಕೈಗಳ ದೇವಿಯ ವಿಷಯದಲ್ಲಿ ದೇವೀಮಾಹಾತ್ಮ್ಯದ ಎರಡನೆಯ ಅಧ್ಯಾಯವೇ ಕೈಪಿಡಿ. ಮಹಿಷನಿಂದ ಸೋತ ದೇವತೆಗಳ ತೇಜಸ್ಸು ಒಟ್ಟುಗೂಡಿ ಹೆಣ್ಣಿನ ರೂಪವಾದಾಗ ಒಬ್ಬೊಬ್ಬರೂ ಅವಳಿಗೆ ತಮ್ಮ ಆಯುಧದ ಪಡಿಯಚ್ಚನ್ನು ಕೊಟ್ಟರು: ಶಿವನು ಶೂಲವನ್ನು, ವಿಷ್ಣು ಚಕ್ರವನ್ನು, ಅಗ್ನಿ ಶಕ್ತ್ಯಾಯುಧವನ್ನು, ವಾಯು ಬಿಲ್ಲು ಬತ್ತಳಿಕೆಗಳನ್ನು, ಇಂದ್ರನು ವಜ್ರವನ್ನೂ ಐರಾವತದ ಗಂಟೆಯನ್ನೂ, ಬ್ರಹ್ಮನು ಕಮಂಡಲುವನ್ನು, ಹಿಮವಂತನು ಏರುವುದಕ್ಕೆ ಸಿಂಹವನ್ನು. ಶಂಖವನ್ನು ಕೊಟ್ಟವನು ವಿಷ್ಣುವಲ್ಲ, ವರುಣ; ಕಡಲ ಬದಿಯಲ್ಲಿ ಬಾಳುವ ನಮಗೆ ಇದು ನೆನಪಿನಲ್ಲಿ ಉಳಿಯಬೇಕು. ವಿಗ್ರಹದ ಒಂದೊಂದು ಕೈಯನ್ನು ನೋಡುತ್ತ ಕೊಟ್ಟವರ ಹೆಸರು ಹೇಳಿಕೊಂಡು ಹೋದರೆ ಕಥೆಯೂ ಬಾಯಿಪಾಠವಾಗುತ್ತದೆ, ಯಾವ ಆಯುಧ ಮುರಿದುಹೋಗಿದೆ ಎಂಬುದೂ ತಿಳಿಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಈ ಆಟ ಆಡಿಸಿ ನೋಡಿರಿ.

ಐದನೆಯ ಹೆಜ್ಜೆ: ಮುಖ, ಮಡಿಲು, ಮೈಮೇಲಿನ ಗುರುತು

ಈಗ ಮುಖ ನೋಡಬಹುದು. ಕೋರೆಹಲ್ಲು, ಚಾಚಿದ ನಾಲಗೆ, ಗುಳಿಬಿದ್ದ ಕಣ್ಣು, ಎಲುಬು ಕಾಣುವ ಮೈ ಇದ್ದರೆ ಚಂಡಮುಂಡರನ್ನು ಕೊಲ್ಲಲು ಅಂಬಿಕೆಯ ಹಣೆಯಿಂದ ಹೊರಟ ಕಾಳಿ. ಆ ಇಬ್ಬರ ತಲೆಗಳನ್ನು ತಂದೊಪ್ಪಿಸಿದ್ದಕ್ಕೆ ಅವಳಿಗೆ ಚಾಮುಂಡೆ ಎಂಬ ಹೆಸರು ಬಂತು. ಮಡಿಲಲ್ಲಿ ಸ್ಕಂದನಿದ್ದರೆ ಸ್ಕಂದಮಾತೆ. ಹೆಣ್ಣುರೂಪದ ಮೈಮೇಲೆ ಜನಿವಾರ ಕಂಡರೆ ಕೊಂಕಣಿಗರ ಕುಲದೇವಿ ಮಹಾಲಸೆಯನ್ನು ನೆನೆಯಬೇಕು. ಮೋಹಿನಿಯಾದ ವಿಷ್ಣುವೇ ಅವಳೆಂದು ನಂಬಿರುವುದರಿಂದ ಅವಳ ಮುಖ್ಯ ಕ್ಷೇತ್ರವಾದ ಗೋವೆಯ ಮಾರ್ದೋಳದಲ್ಲಿ ಅವಳಿಗೆ ನಾರಾಯಣಿ ಎಂಬ ಹೆಸರು ಸೇರಿದೆ.

ಘೋರ ಮತ್ತು ಸೌಮ್ಯ ರೂಪಗಳ ವ್ಯತ್ಯಾಸವನ್ನು ಒಂದೇ ದಿನ ಕಂಡುಕೊಳ್ಳಬೇಕೆಂದರೆ ಗೋಕರ್ಣಕ್ಕೆ ಹೋಗುವುದು ಅನುಕೂಲ. ಮಹಾಬಲೇಶ್ವರನ ಮಡದಿಯಾದ ತಾಮ್ರಗೌರಿಯ ಗುಡಿ ಮತ್ತು ಭದ್ರಕಾಳಿಯ ಗುಡಿ ಎರಡೂ ಆ ಒಂದೇ ಊರಿನಲ್ಲಿವೆ. ಒಬ್ಬಳು ಗಂಡನ ಮಗ್ಗುಲಲ್ಲಿ ಇರುವವಳು, ಇನ್ನೊಬ್ಬಳು ಊರು ಕಾಯುವವಳು.

ಆರನೆಯ ಹೆಜ್ಜೆ: ವಿಗ್ರಹವೇ ಇಲ್ಲದಿದ್ದರೆ

ನಮ್ಮ ಜಿಲ್ಲೆಯಲ್ಲಿ ಮೇಲಿನ ಐದು ಹೆಜ್ಜೆಗಳೂ ನಿಷ್ಪ್ರಯೋಜಕವಾಗುವ ಜಾಗಗಳು ಬೇಕಾದಷ್ಟಿವೆ. ಕೈಯೂ ಇಲ್ಲ, ಆಯುಧವೂ ಇಲ್ಲ. ಮರದ ಬುಡದಲ್ಲಿ ಅರಿಸಿನ ಕುಂಕುಮ ಹಚ್ಚಿದ ಒಂದು ಕಲ್ಲು, ಇಲ್ಲವೆ ಒಂದು ಹುತ್ತ, ಇಲ್ಲವೆ ಹೂವು ಮುಡಿಸಿದ ಒಂದು ಕಳಸ. ಇಲ್ಲಿ ನೋಡುವುದನ್ನು ನಿಲ್ಲಿಸಿ ಕೇಳುವುದನ್ನು ಮಾತ್ರ ಮಾಡಬೇಕು.

ಹುತ್ತದಿಂದ ಆರಂಭಿಸೋಣ. ಗೋವೆ ಮತ್ತು ಕಾರವಾರದ ಕಡೆ ಹುತ್ತದ ರೂಪದಲ್ಲಿ ಪೂಜೆಗೊಳ್ಳುವ ಭೂಮಿತಾಯಿಗೆ ಸಾತೇರಿ ಎಂದು ಹೆಸರು. ಸಾತೇರಿ ಶಾಂತೇರಿಯಾಗಿ, ಶಾಂತೇರಿ ಶಾಂತಾದುರ್ಗೆಯಾದಳು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಮಾತು. ಶಿವನಿಗೂ ವಿಷ್ಣುವಿಗೂ ಜಗಳ ಹತ್ತಿದಾಗ ನಡುವೆ ನಿಂತು ಶಾಂತಗೊಳಿಸಿದವಳು ಎಂಬುದು ಶಾಂತಾದುರ್ಗೆಯ ಪುರಾಣ. ಗೋವೆಯ ಕವಳೆಯಲ್ಲಿ ಅವಳು ಎರಡು ಕೈಗಳಲ್ಲಿ ಹಿಡಿದ ಎರಡು ಹಾವುಗಳು ಆ ಇಬ್ಬರು ದೇವರು ಎನ್ನುತ್ತಾರೆ. ಹುತ್ತ, ಅದರೊಳಗಿನ ಹಾವು, ದೇವಿಯ ಕೈಯ ಹಾವು, ಈ ಮೂರನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ರೂಪ ಇನ್ನೊಂದಾಗುವ ದಾರಿ ಕಣ್ಣಿಗೆ ಕಟ್ಟುತ್ತದೆ. ಅಂಕೋಲೆಯ ಶಾಂತಾದುರ್ಗೆಯನ್ನು ಜನ ಇಂದಿಗೂ ಭೂಮಿತಾಯಿ ಎಂದೇ ಕರೆಯುತ್ತಾರೆ. ವೈಶಾಖ ಹುಣ್ಣಿಮೆಯ ಬಂಡಿಹಬ್ಬಕ್ಕೆ ಅಲ್ಲಿಗೆ ಹೋದವರು ಈ ಎರಡು ಹೆಸರುಗಳು ಒಟ್ಟಿಗೆ ನಡೆಯುವುದನ್ನು ಕೇಳಬಹುದು. ಅದೇ ಊರಿನ ಆರ್ಯಾದುರ್ಗೆಯ ಕಥೆ ಬೇರೆ: ಅವಳು ಮೊದಲು ಕಾರವಾರದ ಎದುರಿನ ಅಂಜುದೀವ ದ್ವೀಪದಲ್ಲಿದ್ದವಳು, ಪೋರ್ಚುಗೀಸರ ಕಾಲದಲ್ಲಿ ದಡಕ್ಕೆ ಬಂದವಳು.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರಗಳ ಅಡಿಕೆ ತೋಟದ ಅಂಚಿನಲ್ಲಿ, ಕಾನಿನ ಬಾಯಲ್ಲಿ ಇರುವ ಕಲ್ಲು ಬಹುಮಟ್ಟಿಗೆ ಚೌಡಿಯದು. ಅವಳನ್ನು ಚೌಡೇಶ್ವರಿ ಎಂದು ಬರೆದು ಸಿಂಹದ ಮೇಲೆ ಕೂರಿಸಿದ ಚಿತ್ರಗಳು ಈಗ ಬಂದಿವೆ. ಆದರೆ ಆ ಜಾಗದ ಯಜಮಾನರಿಗೆ ಅವಳು ತೋಟ, ಕೊಟ್ಟಿಗೆ, ದಾರಿ ಕಾಯುವ ಚೌಡಿ ಮಾತ್ರ. ಅವಳಿಗೆ ಪುರಾಣದ ಹೆಸರನ್ನು ನಾವಾಗಿ ಅಂಟಿಸುವ ಅವಸರ ಬೇಡ.

ಇನ್ನೊಂದು ಎಚ್ಚರಿಕೆಯನ್ನು ನನ್ನ ಸ್ವಂತ ತಪ್ಪಿನಿಂದಲೇ ಕಲಿತಿದ್ದೇನೆ. ಚಿಕ್ಕಂದಿನಲ್ಲಿ ಶಾಲೆಯ ದಾರಿಯಲ್ಲಿದ್ದ ಒಂದು ಕಲ್ಲಿಗೆ ಚೌಡಿಯೆಂದು ತಿಳಿದು ದಿನವೂ ಕೈಮುಗಿಯುತ್ತಿದ್ದೆ. ಅದು ಮಾಸ್ತಿಕಲ್ಲು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಕಲ್ಲಿನ ಮೇಲೆ ಬಳೆ ತೊಟ್ಟ, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಒಂದು ತೋಳು ಎದ್ದು ಕಾಣುವಂತಿದ್ದರೆ ಅದು ಸಹಗಮನ ಮಾಡಿದ ಹೆಂಗಸಿನ ನೆನಪಿನ ಕಲ್ಲು. ಅನೇಕ ಊರುಗಳಲ್ಲಿ ಅದಕ್ಕೂ ಪೂಜೆಯುಂಟು, ಆದರೆ ಅದು ದೇವಿಯ ರೂಪಗಳ ಸಾಲಿಗೆ ಬೇರೆಯ ಬಾಗಿಲಿನಿಂದ ಬಂದದ್ದು.

ಕಲ್ಲೂ ಬೇಡದ ರೂಪವೂ ಒಂದಿದೆ. ಆಶ್ವಯುಜದ ಹುಣ್ಣಿಮೆಯಂದು, ಅಂದರೆ ಭೂಮಿ ಹುಣ್ಣಿಮೆಯಂದು, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ತೆನೆ ಕಟ್ಟುತ್ತಿರುವ ಬತ್ತಕ್ಕೆ ಬಸುರಿಯ ಬಯಕೆ ತೀರಿಸುವಂತೆ ಎಡೆಯಿಡುತ್ತಾರೆ. ದೀವರ ಸಮುದಾಯದ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಆ ಅಡುಗೆ ಹೋಗುತ್ತದೆ. ಅಲ್ಲಿ ಗದ್ದೆಯೇ ಗರ್ಭಗುಡಿ.

ಏಳನೆಯ ಹೆಜ್ಜೆ: ಪಟ್ಟಿಗಳನ್ನು ಬೆರೆಸಬೇಡಿ

ಏಳು ಮಾತೃಕೆಯರು, ಒಂಬತ್ತು ದುರ್ಗೆಯರು, ಹತ್ತು ಮಹಾವಿದ್ಯೆಗಳು ಬೇರೆ ಬೇರೆ ಪರಂಪರೆಯ ಪಟ್ಟಿಗಳು. ಒಂದರ ಹೆಸರನ್ನು ಇನ್ನೊಂದರ ವಿಗ್ರಹಕ್ಕೆ ಹಚ್ಚುವುದರಿಂದಲೇ ಹೆಚ್ಚಿನ ತಪ್ಪುಗಳಾಗುತ್ತವೆ.

ಸಾಲಾಗಿ ಕುಳಿತ ಏಳು ಹೆಂಗಸರ ಒಂದೇ ಹಲಗೆಗಲ್ಲು ಕಂಡರೆ ಅದು ಸಪ್ತಮಾತೃಕೆಯರದು. ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ಇಂದ್ರಾಣಿ, ಚಾಮುಂಡೆ. ಆಸನದ ಕೆಳಗಿನ ಹಂಸ, ನಂದಿ, ನವಿಲು, ಗರುಡಗಳಿಂದ ಒಬ್ಬೊಬ್ಬರನ್ನು ಗುರುತಿಸಬಹುದು, ಹಂದಿಯ ಮುಖದವಳು ವಾರಾಹಿ. ಎರಡು ತುದಿಗಳಲ್ಲಿ ವೀರಭದ್ರನೂ ಗಣಪತಿಯೂ ಕುಳಿತಿರುತ್ತಾರೆ. ಬನವಾಸಿಯಿಂದ ಆಳಿದ ಕದಂಬರು ತಮ್ಮ ಶಾಸನಗಳಲ್ಲಿ ಸ್ವಾಮಿ ಮಹಾಸೇನನನ್ನೂ (ಅಂದರೆ ಸ್ಕಂದನನ್ನೂ) ಮಾತೃಗಣವನ್ನೂ ಧ್ಯಾನಿಸಿದವರೆಂದು ಹೇಳಿಕೊಂಡಿದ್ದಾರೆ. ಆದ್ದರಿಂದ ಈ ಗುಂಪಿನ ನಂಟು ನಮ್ಮ ಮಣ್ಣಿಗೆ ಕಡಿಮೆಯೆಂದರೂ ಒಂದೂವರೆ ಸಾವಿರ ವರ್ಷದ್ದು.

ಶೈಲಪುತ್ರಿಯಿಂದ ಸಿದ್ಧಿದಾತ್ರಿಯವರೆಗಿನ ನವದುರ್ಗೆಯರ ಹೆಸರುಗಳು ಬರುವುದು ಸಪ್ತಶತಿಯ ಜೊತೆಗೆ ಓದುವ ದೇವೀಕವಚದಲ್ಲಿ. ಇವರಲ್ಲಿ ಗುರುತಿಸಲು ಸುಲಭವಾದವಳು ಕತ್ತೆಯನ್ನೇರಿದ ಕಾಳರಾತ್ರಿ. ದಿನಕ್ಕೊಂದು ಬಣ್ಣದ ಸೀರೆಯೆಂದು ಈಗ ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗೆ ದೇವೀಮಾಹಾತ್ಮ್ಯದಲ್ಲಿ ಆಧಾರವಿಲ್ಲ. ಉಡುವವರು ಉಡಲಿ, ಅದನ್ನು ಶಾಸ್ತ್ರವೆಂದು ಹೇಳದಿದ್ದರಾಯಿತು. ಛಿನ್ನಮಸ್ತೆ, ಧೂಮಾವತಿ, ಬಗಳಾಮುಖಿ ಮೊದಲಾದ ಮಹಾವಿದ್ಯೆಗಳು ಗುರುಮುಖದಿಂದ ಉಪದೇಶ ಪಡೆದವರ ಉಪಾಸನೆಗೆ ಸೇರಿದವು, ಮನೆಯ ಪೂಜೆಗೆ ಎಳೆದು ತರುವುದು ಬೇಡ.

ಎಂಟನೆಯ ಹೆಜ್ಜೆ: ಮನೆಯಲ್ಲಿ ಒಂದು ರೂಪ, ಗುಡಿಯಲ್ಲಿ ಒಂದು ಉಡಿ

ಮನೆಯಲ್ಲಿ ನವರಾತ್ರಿ ಮಾಡುವವರು ಕುಲದೇವಿಯ ರೂಪವನ್ನೇ ಇಟ್ಟುಕೊಂಡರೆ ಸಾಕು. ಅದು ತಿಳಿಯದಿದ್ದರೆ ಕಳಸವಿಟ್ಟು ದುರ್ಗೆಯೆಂದು ಪೂಜಿಸಬಹುದು. ಸಪ್ತಶತಿಯ ಹದಿಮೂರು ಅಧ್ಯಾಯಗಳನ್ನು ಒಂದೇ ದಿನ ಓದಲಾಗದವರು ಅದರ ಚರಿತ್ರೆಗಳಿಗೆ, ಅಂದರೆ ಕಥಾಭಾಗಗಳಿಗೆ, ತಕ್ಕಂತೆ ಮೂರು ಭಾಗ ಮಾಡಿಕೊಳ್ಳಬಹುದು: ಮಹಾಕಾಳಿಯ ಮೊದಲ ಅಧ್ಯಾಯ, ಮಹಾಲಕ್ಷ್ಮಿಯ ಎರಡರಿಂದ ನಾಲ್ಕು, ಮಹಾಸರಸ್ವತಿಯ ಐದರಿಂದ ಹದಿಮೂರು. ಮೂರನೆಯ ಭಾಗ ಉದ್ದವಾದುದರಿಂದ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬಾರದು. ಎಷ್ಟು ಓದಿದರೂ ಅಧ್ಯಾಯದ ನಡುವೆ ನಿಲ್ಲಿಸದಿರುವುದು ಹಿರಿಯರು ಪಾಲಿಸಿಕೊಂಡು ಬಂದ ನಿಯಮ.

ಮಾರಿಗುಡಿಗೆ ಉಡಿ ತುಂಬಲು ಹೋಗುವವರು ಕಣ (ರವಿಕೆಯ ಬಟ್ಟೆ), ತೆಂಗಿನಕಾಯಿ, ಅಕ್ಕಿ, ವೀಳ್ಯದೆಲೆ ಅಡಿಕೆ, ಹಸಿರು ಬಳೆ, ಅರಿಸಿನ ಕುಂಕುಮ, ಹೂವನ್ನು ಮನೆಯಲ್ಲಿಯೇ ಹೊಂದಿಸಿಕೊಂಡರೆ ಜಾತ್ರೆಯ ಪೇಟೆಯಲ್ಲಿ ಪರದಾಡಬೇಕಾಗಿಲ್ಲ. ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ, ಫಾಲ್ಗುಣದಲ್ಲಿ. 2024ರಲ್ಲಿ ಮಾರ್ಚ್ 19ರ ಮಂಗಳವಾರ ದೇವಿಯ ಕಲ್ಯಾಣದಿಂದ ಆರಂಭವಾಗಿತ್ತು. ಮರುದಿನ ರಥ, ಅಲ್ಲಿಂದ ಒಂದು ವಾರ ಗದ್ದಿಗೆ. ಜಾತ್ರೆ ಮುಗಿದ ಮೇಲೆ ಮೂರ್ತಿಯನ್ನು ಬಿಡಿಸಿಡುತ್ತಾರೆ, ಮತ್ತೆ ಪ್ರತಿಷ್ಠೆಯಾಗುವುದು ಯುಗಾದಿಗೆ. ಆದ್ದರಿಂದ ಜನಸಂದಣಿ ಇಳಿಯಲಿ ಎಂದು ಕಾದು ಜಾತ್ರೆಯ ಮರುವಾರ ಬಂದರೆ ದೊಡ್ಡಮ್ಮ ಗುಡಿಯಲ್ಲಿ ಇರುವುದಿಲ್ಲ. ಬಸ್ಸಿಗೆ ಕೂರುವ ಮೊದಲು ಪಂಚಾಂಗ ನೋಡಿಕೊಳ್ಳಿರಿ.